ಜನಸಮೂಹದ ಮೇಲೊಂದು ಪ್ರಯೋಗ

ತೊಲೆಯೊಂದು ಎಷ್ಟು ಭಾರವನ್ನು ತಾಳಬಲ್ಲುದೆಂಬುದನ್ನು ತಿಳಿಯಬೇಕಾದರೆ, ಎಂಜಿನಿಯರನು ಅದರ ಮೇಲೆ ಕ್ರಮಕ್ರಮವಾಗಿ ಭಾರವನ್ನು ಹೇರುತ್ತಾನೆ. ತೊಲೆಯು ಎಷ್ಟು ಬಾಗಿತು, ಎಲ್ಲಿ ಬಿರುಕುಬಿಟ್ಟಿತು ಎಂಬುದನ್ನು ಗುರುತುಹಾಕಿಕೊಳ್ಳುತ್ತಾನೆ. ಈ ವಿಧಾನವನ್ನು ಮನುಷ್ಯರ ಗುಂಪಿಗೂ ಅನ್ವಯಿಸಬಹುದೆ? ಬ್ರೆಜಿಲ್ ದೇಶದ ಕಲಾವಿದ ಫ್ಲಾವಿಯೋ ದ ಕರ್ವಾಲ್ಯೋ ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟು ಪ್ರಾಣಾಪಾಯಕ್ಕೆ ಗುರಿಯಾದನು.

1899ರಲ್ಲಿ ಜನಿಸಿದ ಕರ್ವಾಲ್ಯೋ, ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಸಿವಿಲ್ ಎಂಜಿನಿಯರಿಂಗನ್ನೂ ಅದರೊಡನೆಯೇ ಚಿತ್ರಕಲೆಯನ್ನೂ ಅಭ್ಯಾಸಮಾಡಿದನು. 1922ರಲ್ಲಿ ಸ್ವದೇಶಕ್ಕೆ ಮರಳಿ, ಸಾವೊ ಪಾಲೊ ನಗರದಲ್ಲಿ ಕಟ್ಟಡಗಳ ಬಲಾಬಲವನ್ನು ಲೆಕ್ಕಹಾಕುವ ಉದ್ಯೋಗವನ್ನು ಕೈಕೊಂಡನು. 1927ರಲ್ಲಿ ಅಲ್ಲಿಯ ಸರ್ಕಾರೀ ಭವನಕ್ಕಾಗಿ ಏರ್ಪಟ್ಟ ಸ್ಪರ್ಧೆಗೆ, 'ಕಾರ್ಯಸಾಮರ್ಥ್ಯ' ಎಂಬರ್ಥದ ಗುಪ್ತನಾಮದಿಂದ ಒಂದು ನಕ್ಷೆಯನ್ನು ಕಳುಹಿಸಿದನು. ಆ ಭವನವನ್ನು ಯಾರೂ ಕಟ್ಟಲಿಲ್ಲ; ಆದರೂ ಬ್ರೆಜಿಲಿನ ಆಧುನಿಕ ವಾಸ್ತುಶಿಲ್ಪದ ಮೊದಮೊದಲ ಯೋಜನೆಗಳಲ್ಲಿ ಅದನ್ನು ಎಣಿಸುತ್ತಾರೆ.

1931ರಲ್ಲಿ ಅವನು ಪರೀಕ್ಷೆಗೆ ಆರಿಸಿಕೊಂಡದ್ದು ಕಟ್ಟಡವನ್ನಲ್ಲ, ಜನಸಮೂಹವನ್ನು. ಕ್ರಿಸ್ತನ ಶರೀರವೆಂದು ಭಾವಿಸಲಾದ ಪವಿತ್ರ ರೊಟ್ಟಿಯನ್ನು ಕ್ಯಾಥೊಲಿಕರು ಮೆರವಣಿಗೆಯಲ್ಲಿ ಕೊಂಡೊಯ್ಯುವ ಹಬ್ಬವದು. ಗಂಡಸರು ಟೋಪಿಯನ್ನು ತೆಗೆದು ಗೌರವವನ್ನು ತೋರುವುದು ವಾಡಿಕೆ. ಕರ್ವಾಲ್ಯೋ ಟೋಪಿಯನ್ನು ತೆಗೆಯದೆ, ಮೆರವಣಿಗೆಗೆ ಎದುರಾಗಿ ನಡೆಯತೊಡಗಿದನು. ಮೊದಲು ಗೊಣಗಾಟ ಕೇಳಿಬಂದಿತು. ಬಳಿಕ 'ಟೋಪಿ ತೆಗೆ' ಎಂಬ ಗದರಿಕೆ. ಕೊನೆಗೆ 'ಹೊಡೆದು ಕೊಲ್ಲಿರಿ' ಎಂಬ ಕೂಗು! ಅವನು ಓಡಿಹೋಗಿ ಒಂದು ಹಾಲಿನಂಗಡಿಯನ್ನು ಹೊಕ್ಕನು. ಪೋಲೀಸರು ಬಂದು ಅವನನ್ನು ಠಾಣೆಗೆ ಕರೆದೊಯ್ದುದರಿಂದ ಜೀವ ಉಳಿಯಿತು.

ಅದೇ ವರ್ಷ ಅವನು 'ಎರಡನೆಯ ಪ್ರಯೋಗ' ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಗುಂಪಿನ ಕೋಪವನ್ನಷ್ಟೇ ಅಲ್ಲದೆ ತನ್ನ ಸ್ವಂತ ಭೀತಿಯನ್ನೂ ಅದರಲ್ಲಿ ಎಳೆಎಳೆಯಾಗಿ ವರ್ಣಿಸಿ, ಫ್ರಾಯ್ಡನ ಮನೋವಿಶ್ಲೇಷಣೆಯ ನೆರವಿನಿಂದ ವಿವೇಚಿಸಿದನು.

ಇದು ವಿಜ್ಞಾನವಾಯಿತೆ? ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು. ಪ್ರಯೋಗ ನಡೆದುದು ಒಂದೇ ಸಲ. ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಕೆರಳಿಸಿದವನೂ ಅಳೆದವನೂ ಒಬ್ಬನೇ. ಒಂದು ತೊಲೆ ಬಾಗಿದಂತೆ ಅದೇ ಬಗೆಯ ಇನ್ನೊಂದು ತೊಲೆಯೂ ಬಾಗುವುದೆಂದು ಎಂಜಿನಿಯರನು ನಂಬಬಹುದು. ಜನರ ವಿಷಯದಲ್ಲಿ ಅಂತಹ ಭರವಸೆಯಿಲ್ಲ. ಅಲ್ಲದೆ ತೊಲೆಗೆ ನೋವಿಲ್ಲ, ಭಕ್ತರ ಮನಸ್ಸಿಗೆ ನೋವುಂಟು. ಮನುಷ್ಯರ ಮೇಲೆ ಪ್ರಯೋಗ ನಡೆಸುವವರು ಸಾಮಾನ್ಯವಾಗಿ ಅವರ ಸಮ್ಮತಿಯನ್ನು ಮೊದಲೇ ಪಡೆಯಬೇಕೆಂಬುದು ಇಂದಿನ ನಿಯಮ.

ಆದರೂ ಈ ಪರೀಕ್ಷಕಬುದ್ಧಿಯೇ ಅವನ ಕಲೆಗೆ ಅಡಿಪಾಯವಾಯಿತು. 1933ರಲ್ಲಿ ಅವನು ಸ್ಥಾಪಿಸಿದ ರಂಗಶಾಲೆಯ ಹೆಸರೂ 'ಪ್ರಯೋಗ ರಂಗಮಂದಿರ'ವೆಂದೇ. ಪೋಲೀಸರು ಅದನ್ನು ಮುಚ್ಚಿಸಿದರು. 1934ರಲ್ಲಿ ಅವನ ಚಿತ್ರಪ್ರದರ್ಶನವನ್ನೂ ಮುಚ್ಚಿಸಿದರು. ಅವನು ನ್ಯಾಯಾಲಯದ ಮೊರೆಹೊಕ್ಕು ಪ್ರದರ್ಶನವನ್ನು ಮತ್ತೆ ತೆರೆಯಿಸಿದನು. ಗುಂಪು ಎಷ್ಟು ಭಾರವನ್ನು ತಾಳೀತೆಂದು ಅಳೆಯಹೊರಟವನು, ತಾನೆಷ್ಟು ತಾಳಬಲ್ಲೆನೆಂಬುದನ್ನೂ ಹೀಗೆ ಅಳೆದುಕೊಂಡನು.