ಅಜ್ಜನ ಗಡಿಯಾರಕ್ಕೆ ಮೂರು ಬೆಲೆ

ಮನೆಯಲ್ಲಿ ಹಳೆಯ ಚಿನ್ನದ ಜೇಬು ಗಡಿಯಾರವೊಂದು ಇದ್ದರೆ ಅದಕ್ಕೆ ಒಂದಲ್ಲ, ಮೂರು ಬೆಲೆ. ಕರಗಿಸಿದರೆ ಬರುವ ಬೆಲೆ ಒಂದು. ಗಡಿಯಾರವಾಗಿಯೇ ಮಾರಿದರೆ ಕೈಗೆ ಸಿಗುವ ಬೆಲೆ ಇನ್ನೊಂದು. ಕಳೆದುಹೋದರೆ ಅಂಥದ್ದೇ ಮತ್ತೊಂದನ್ನು ಕೊಳ್ಳಲು ತೆರಬೇಕಾದ ಬೆಲೆ ಮೂರನೆಯದು. ಮೊದಲನೆಯದನ್ನು ತಕ್ಕಡಿ ಹೇಳುತ್ತದೆ, ಎರಡನೆಯದನ್ನು ಕೊಳ್ಳುವವರು ಹೇಳುತ್ತಾರೆ, ಮೂರನೆಯದು ವಿಮೆಯ ಕಾಗದದಲ್ಲಿ ಇರುತ್ತದೆ. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ.

ನಮ್ಮ ಮನೆಯಲ್ಲಿ ಈ ಮಾತು ಬಂದದ್ದು ಪಾಲಿನ ಹೊತ್ತಿನಲ್ಲಿ. ಜಮೀನು, ಮನೆ, ಬ್ಯಾಂಕಿನ ಠೇವಣಿ ಎಲ್ಲವೂ ಕಾಗದದ ಮೇಲೆ ಸಲೀಸಾಗಿ ಹಂಚಿಕೆಯಾದವು. ಉಳಿದದ್ದು ಅಜ್ಜನ ಗಡಿಯಾರ. ಕರಗಿಸಿ ಹಂಚಿಕೊಂಡರೆ ಯಾರ ತಕರಾರೂ ಇರುವುದಿಲ್ಲ ಎಂದರು ಚಿಕ್ಕಪ್ಪ. ಲಂಡನ್ನಿನಲ್ಲಿ ಇಂಥವು ಕೋಟಿಗಟ್ಟಲೆಗೆ ಹೋಗುತ್ತವಂತೆ, ಮುಟ್ಟಬೇಡಿ ಎಂದರು ಅತ್ತೆ. ದುಡ್ಡಿನ ವಿಷಯ ಬರೆಯುವವನು ನಾನೇ ಆದ್ದರಿಂದ ಗಡಿಯಾರ ನನ್ನ ಕೈಗೆ ಬಂತು.

ಪೇಟೆಯ ಅಂಗಡಿಯೊಂದರಲ್ಲಿ ಅಂಚನ್ನು ಒರೆಗಲ್ಲಿಗೆ ಉಜ್ಜಿ ನೋಡಿ, ‘ಟಚ್ ಕಮ್ಮಿ ಸಾರ್. ಅರ್ಧ ಚಿನ್ನ ಅಂತ ಹಿಡಿದು ಕೊಡ್ತೀನಿ’ ಎಂದರು. ಅವರ ಮಾತಿನ ಮೊದಲರ್ಧ ನಿಜ. ನಮ್ಮ ಒಡವೆ ಪೇಟೆಯ ಕಣ್ಣಿಗೆ 22 ಕ್ಯಾರೆಟ್, ಅಂದರೆ 916 ಮಾತ್ರ ಚಿನ್ನ. ಯುರೋಪಿನವರು, ಅಮೆರಿಕದವರು ಗಡಿಯಾರದ ಕೇಸನ್ನು 18, 14, 9 ಕ್ಯಾರೆಟ್ಟುಗಳಲ್ಲಿ ಮಾಡುತ್ತಿದ್ದರು. ಜೇಬಿನಲ್ಲಿ ದಿನವೂ ಉಜ್ಜಿಸಿಕೊಳ್ಳುವ, ತೆರೆದು ಮುಚ್ಚುವ ವಸ್ತುವಿಗೆ ಮೆದು ಚಿನ್ನ ಒಗ್ಗುವುದಿಲ್ಲ. ಆದರೆ 18 ಕ್ಯಾರೆಟ್ ಎಂದರೆ ಸಾವಿರಕ್ಕೆ 750 ಪಾಲು ಚಿನ್ನ, ಅರ್ಧವಲ್ಲ, ಮುಕ್ಕಾಲು. ಆ ಕಾಲು ಪಾಲಿನ ವ್ಯತ್ಯಾಸಕ್ಕೆ ಇಂದಿನ ದರದಲ್ಲಿ ಏನು ಬೆಲೆ ಎಂದು ನೀವೇ ಲೆಕ್ಕ ಹಾಕಿ. ನಾನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಅಲ್ಲಿಂದ ಹಳೆಯ ವಾಚ್ ರಿಪೇರಿಯವರೊಬ್ಬರ ಬಳಿಗೆ ಹೋದೆ.

ಮುಚ್ಚಳದ ಒಳಗಿನ ಸಾಕ್ಷಿ

ನಮ್ಮದು ‘ಹಂಟರ್’ ಜಾತಿಯದು, ಗಾಜಿನ ಮೇಲೂ ಚಿನ್ನದ ಮುಚ್ಚಳ. ಕೀ ಕೊಡುವ ಗುಂಡಿಯನ್ನು ಒತ್ತಿದರೆ ಮುಂದಿನ ಮುಚ್ಚಳ ಚಿಮ್ಮಿ ತೆರೆಯುತ್ತದೆ. ಹಿಂದಿನದನ್ನು ಅಂಚಿನ ಸಣ್ಣ ತುಟಿಗೆ ಉಗುರು ಕೊಟ್ಟು ಎಬ್ಬಿಸಬೇಕು. ರಿಪೇರಿಯವರು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳದ ಒಳಮೈ ತೋರಿಸಿದರು. ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಮುದ್ರೆ, ಅದರಲ್ಲಿ ಪಕ್ಕಕ್ಕೆ ಮುಖ ಮಾಡಿದ ಹೆಂಗಸಿನ ತಲೆ. ಅವಳು ಹೆಲ್ವೇಷಿಯಾ, ಸ್ವಿಟ್ಜರ್ಲೆಂಡಿನ ದೇಶಮಾತೆ. 1882ರಿಂದ 1995ರವರೆಗೆ ಅಲ್ಲಿನ ಸರ್ಕಾರಿ ಪರೀಕ್ಷಾಲಯ 18 ಕ್ಯಾರೆಟ್ ಚಿನ್ನಕ್ಕೆ ಹಾಕುತ್ತಿದ್ದ ಗುರುತು ಅದು. 14 ಕ್ಯಾರೆಟ್ಟಾಗಿದ್ದರೆ ಅಳಿಲಿನ ಚಿತ್ರ ಇರುತ್ತಿತ್ತು. ಪಕ್ಕದಲ್ಲಿ 0.750 ಎಂಬ ಅಂಕಿ, ಕೇಸಿನ ಸಂಖ್ಯೆ, ಅವುಗಳ ಸುತ್ತ ಸೂಜಿಯಿಂದ ಗೀಚಿದ ಮಸುಕು ಅಂಕಿಗಳು. ಹಿಂದಿನ ಕಾಲದ ರಿಪೇರಿಯವರು ತಾವು ಯಾವಾಗ ತೊಳೆದು ಎಣ್ಣೆ ಹಾಕಿದೆವೆಂದು ಹೀಗೆ ಗೀಚಿಡುತ್ತಿದ್ದರು. ಗಡಿಯಾರವನ್ನು ಯಾರೋ ಜೋಪಾನ ಮಾಡಿದ್ದರೆನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದರೊಳಗೆ ಇನ್ನೊಂದು ಮುಚ್ಚಳವಿತ್ತು, ಧೂಳು ತಡೆಯುವುದಕ್ಕೆ. ಅದರ ಮೇಲೆ ಬಳ್ಳಿಯಂಥ ಅಕ್ಷರಗಳಲ್ಲಿ ‘ರೆಮೊಂತ್ವಾರ್’, ‘ಆಂಕ್ರ್’, ‘15 ರೂಬಿ’ ಎಂದು ಫ್ರೆಂಚಿನಲ್ಲಿ ಕೆತ್ತಿತ್ತು. ಇವನ್ನು ಕಂಪನಿಯ ಹೆಸರೆಂದು ನಂಬಿ ಹುಡುಕಾಡುವವರು ಬಹಳ. ಬೇರೆ ಕೀಲಿಕೈ ಬೇಡದ, ಲಿವರ್ ಜಾತಿಯ, 15 ಕಲ್ಲಿನ ಮೆಷಿನ್ ಎಂಬ ವಿವರ ಅಷ್ಟೇ. ಆ ಕಲ್ಲುಗಳಿಗೂ ಆಸೆಪಡಬೇಡಿ. ಚಕ್ರದ ಅಚ್ಚು ಸವೆಯದಿರಲೆಂದು ಕೂರಿಸಿದ ಸೂಕ್ಷ್ಮ ಹರಳುಗಳು ಅವು, ಒಡವೆ ಪೇಟೆಯಲ್ಲಿ ಬೆಲೆಯಿಲ್ಲ. ಅದೇ ಮುಚ್ಚಳದ ಅಂಚಿನಲ್ಲಿ ‘ಮೆತಾಲ್’ ಎಂಬ ಇನ್ನೊಂದು ಪುಟ್ಟ ಪದ. ಒಳಮುಚ್ಚಳ ಚಿನ್ನದ್ದಲ್ಲ, ಹಿತ್ತಾಳೆಯಂಥ ಲೋಹದ್ದು ಎಂದು ತಯಾರಕನೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದ.

ಇಂಗ್ಲೆಂಡಿನ ಕೇಸಾದರೆ ಓದುವುದು ಇನ್ನೂ ಸುಲಭ. ಕಿರೀಟದ ಪಕ್ಕ 18 ಎಂದಿದ್ದರೆ 18 ಕ್ಯಾರೆಟ್. ಚಿರತೆಯ ತಲೆ ಲಂಡನ್ ಪರೀಕ್ಷಾಲಯದ್ದು, ಲಂಗರು ಬರ್ಮಿಂಗ್‌ಹ್ಯಾಮಿನದು. ಜೊತೆಗಿರುವ ಒಂಟಿ ಅಕ್ಷರ ಯಾವ ವರ್ಷ ಎಂದು ಹೇಳುತ್ತದೆ. ಅಮೆರಿಕದ ಕೇಸುಗಳಲ್ಲಿ ಇಂಥ ಸರ್ಕಾರಿ ಮುದ್ರೆ ಇರಲಿಲ್ಲ. ‘ಯು.ಎಸ್. ಅಸ್ಸೇ’ ಎಂದು ಬರೆದಿದ್ದರೂ ಅದು ತಯಾರಕ ತಾನೇ ಹಾಕಿಕೊಂಡ ಬಿರುದು.

ಎಚ್ಚರ ಬೇಕಾದದ್ದು ‘ಗೋಲ್ಡ್ ಫಿಲ್ಡ್’, ‘ರೋಲ್ಡ್ ಗೋಲ್ಡ್’ ಎಂಬುವುಗಳ ವಿಷಯದಲ್ಲಿ. ಹಿತ್ತಾಳೆಯ ತಗಡಿಗೆ ಎರಡೂ ಕಡೆ ಚಿನ್ನದ ತೆಳು ಹಾಳೆ ಬೆಸೆದು ಮಾಡಿದ ಕೇಸುಗಳಿವು. ‘20 ವರ್ಷ ಗ್ಯಾರಂಟಿ’, ‘25 ವರ್ಷ ಗ್ಯಾರಂಟಿ’ ಎಂದು ಒಳಗೆ ಬರೆದಿದ್ದರೆ ಅದು ಗಡಿಯಾರ ನಡೆಯುವ ಗ್ಯಾರಂಟಿಯಲ್ಲ, ಚಿನ್ನ ಸವೆದು ಹಿತ್ತಾಳೆ ಕಾಣಿಸಿಕೊಳ್ಳಲು ಹಿಡಿಯುವ ಕಾಲ. ಗಟ್ಟಿ ಚಿನ್ನಕ್ಕೆ ಯಾರೂ ವರ್ಷದ ಗ್ಯಾರಂಟಿ ಬರೆಯುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಡೆನಿಸನ್ ಕಂಪನಿಯ ಕೇಸುಗಳಲ್ಲಿ ಚಂದ್ರ, ನಕ್ಷತ್ರಗಳ ಹೆಸರಿದ್ದರೂ ಇದೇ ಜಾತಿ. ಚಿನ್ನ ಪರೀಕ್ಷಿಸುವ ಈಗಿನ ಎಕ್ಸ್‌ಆರ್‌ಎಫ್ ಯಂತ್ರವೂ ಇಲ್ಲಿ ಮೋಸಹೋಗಬಹುದು, ಅದು ಓದುವುದು ಮೇಲ್ಮೈಯ ಕೆಲವೇ ಮೈಕ್ರಾನ್ ಆಳವನ್ನು. ಹಾಗಾಗಿ ಕೀಲಿನ ಸಂದು, ಕೊಕ್ಕೆಯ ಬುಡ, ಸವೆದ ಅಂಚು ಹೀಗೆ ನಾಲ್ಕಾರು ಕಡೆ ಇಟ್ಟು ನೋಡಲು ಹೇಳಿ. ಇನ್ನೊಂದು ಮಾತು: 2021ರಲ್ಲಿ ನಮ್ಮಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಚಿನ್ನದ ವಾಚುಗಳನ್ನು ಅದರಿಂದ ಹೊರಗಿಟ್ಟಿದ್ದರು. ನಿಮ್ಮ ಗಡಿಯಾರದ ಮೇಲೆ ಬಿಐಎಸ್ ಗುರುತಿಲ್ಲ ಎಂಬ ನೆಪದಲ್ಲಿ ಯಾರಾದರೂ ಬೆಲೆ ಇಳಿಸಿದರೆ ಒಪ್ಪಬೇಡಿ.

98 ಗ್ರಾಮಿನಲ್ಲಿ ಚಿನ್ನ ಎಷ್ಟು?

ನಮ್ಮ ಗಡಿಯಾರ ಒಟ್ಟು 98 ಗ್ರಾಂ ತೂಗಿತು. ಮೆಷಿನ್, ಡಯಲ್, ಗಾಜು ಬಿಚ್ಚಿ ಪಕ್ಕಕ್ಕಿಟ್ಟರೆ ಅವೇ 54 ಗ್ರಾಂ. ಉಳಿದ 44ರಲ್ಲಿ ಹಿತ್ತಾಳೆಯ ಒಳಮುಚ್ಚಳ, ಉಕ್ಕಿನ ಸ್ಪ್ರಿಂಗು 8 ಗ್ರಾಂ. ನಿಜವಾದ 18 ಕ್ಯಾರೆಟ್ ಕೇಸು 36 ಗ್ರಾಂ. ಅದನ್ನು 0.75ರಿಂದ ಗುಣಿಸಿದರೆ ಅಪರಂಜಿ 27 ಗ್ರಾಂ. ಇದೇ ತೂಕದ ಕೇಸು 14 ಕ್ಯಾರೆಟ್ಟಿನದಾಗಿದ್ದರೆ 21 ಗ್ರಾಂ, 9 ಕ್ಯಾರೆಟ್ಟಿನದಾಗಿದ್ದರೆ 13.5 ಗ್ರಾಂ. ಅಂದಿನ 24 ಕ್ಯಾರೆಟ್ ದರದಿಂದ ಇದನ್ನು ಗುಣಿಸಿ, ಕರಗಿಸುವ ಖರ್ಚು ಕಳೆಯಿರಿ. ಇದು ನಿಮ್ಮ ಮೊದಲ ಬೆಲೆ, ಅಂದರೆ ತಳ. ಇದಕ್ಕಿಂತ ಕೆಳಗೆ ಯಾರಿಗೂ ಕೊಡಬೇಕಿಲ್ಲ. ಅತ್ತೆ 98 ಗ್ರಾಂ ಚಿನ್ನ ಎಂದುಕೊಂಡಿದ್ದರು. ಚಿಕ್ಕಪ್ಪ ಅಂಗಡಿಯವರ ಅರ್ಧದ ಲೆಕ್ಕಕ್ಕೇ ತಲೆಯಾಡಿಸಿದ್ದರು. ತಕ್ಕಡಿ ಇಬ್ಬರ ಬಾಯನ್ನೂ ಮುಚ್ಚಿಸಿತು.

ಬಿಚ್ಚುವ ಕೆಲಸವನ್ನು ಮಾತ್ರ ವಾಚ್ ರಿಪೇರಿ ಬಲ್ಲವರಿಂದಲೇ ಮಾಡಿಸಿ. ಮನೆಯಲ್ಲಿ ಅಂಟುವಾಳ, ಹುಣಸೆಹಣ್ಣು ಹಾಕಿ ತಿಕ್ಕುವುದು, ಅಂಗಡಿಯಲ್ಲಿ ಪಾಲಿಶ್ ಮಾಡಿಸುವುದು ಬೇಡವೇ ಬೇಡ. ಕೆತ್ತನೆಯ ಅಂಚು, ಮುದ್ರೆಗಳು ಮಾಸಿದರೆ ಚಿನ್ನದ ಬೆಲೆಗೆ ಏನೂ ಆಗದಿದ್ದರೂ ಗಡಿಯಾರದ ಬೆಲೆ ಬಿದ್ದುಹೋಗುತ್ತದೆ.

ಚಿನ್ನದ ಮೇಲೆ ಇನ್ನೆಷ್ಟು?

ಎರಡನೆಯ ಬೆಲೆಯನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಮೆಷಿನ್, ಸ್ಥಿತಿ, ಚರಿತ್ರೆ.

ಮೆಷಿನ್ ಮೇಲೆ ತಯಾರಕನ ಹೆಸರು, ಸರಣಿ ಸಂಖ್ಯೆ ಇದೆಯೇ ನೋಡಿ. ಅಮೆರಿಕದ ವಾಲ್ತಮ್, ಎಲ್ಜಿನ್ ಕಂಪನಿಗಳ ಗಡಿಯಾರವಾದರೆ ಮೆಷಿನ್ ಮೇಲಿನ ಸಂಖ್ಯೆಯಿಂದಲೇ ಯಾವ ವರ್ಷದ್ದೆಂದು ತಿಳಿಯಬಹುದು. ಕೇಸಿನ ಸಂಖ್ಯೆ ಅದಕ್ಕೆ ಬಾರದು. ಪಟೇಕ್ ಫಿಲಿಪ್ ಆಗಿದ್ದರೆ ಕಂಪನಿಯೇ ಶುಲ್ಕ ಪಡೆದು ತನ್ನ ದಫ್ತರದಿಂದ ಪ್ರಮಾಣಪತ್ರ ಕೊಡುತ್ತದೆ. ಪಕ್ಕದಲ್ಲೊಂದು ಜಾರುಗುಂಡಿ ಇದ್ದು ಅದನ್ನು ಸರಿಸಿದರೆ ಗಂಟೆ, ನಿಮಿಷಗಳನ್ನು ಬಡಿದು ಹೇಳುವ ‘ರಿಪೀಟರ್’ ಆಗಿದ್ದರೆ, ಕ್ಯಾಲೆಂಡರ್, ಚಂದ್ರಕಲೆ ತೋರಿಸುವಂಥದ್ದಾಗಿದ್ದರೆ ಶರಾಫರ ಅಂಗಡಿ ದಾಟಿ ಮುಂದೆ ಹೋಗಿ. ಹೆನ್ರಿ ಗ್ರೇವ್ಸ್ ಎಂಬ ಅಮೆರಿಕನ್ ಸಾಹುಕಾರನಿಗಾಗಿ ಪಟೇಕ್ ಫಿಲಿಪ್ ಮಾಡಿದ, 24 ಬಗೆಯ ಕೆಲಸಗಳ ಚಿನ್ನದ ಜೇಬು ಗಡಿಯಾರ 2014ರಲ್ಲಿ ಜಿನೀವಾದ ಹರಾಜಿನಲ್ಲಿ ಸುಮಾರು 2.4 ಕೋಟಿ ಡಾಲರಿಗೆ ಹೋಯಿತು. ಅಲ್ಲಿ ಕೊಂಡವರು ತೆತ್ತದ್ದು ಕೈಚಳಕಕ್ಕೆ.

ಚರಿತ್ರೆಯ ಬೆಲೆ ಬೇರೆಯೇ ಲೆಕ್ಕ. ಟೈಟಾನಿಕ್ಕಿನಲ್ಲಿ ಮುಳುಗಿದ ಜಾನ್ ಜೇಕಬ್ ಆಸ್ಟರನ ಮೈಮೇಲೆ ಸಿಕ್ಕ 14 ಕ್ಯಾರೆಟ್ ವಾಲ್ತಮ್ 2024ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 11.75 ಲಕ್ಷ ಪೌಂಡ್ ತಂದಿತು, ನಮ್ಮ ಲೆಕ್ಕದಲ್ಲಿ ಸುಮಾರು 12 ಕೋಟಿ ರೂಪಾಯಿ. ವಾಲ್ತಮ್ ಕೋಟಿಗಟ್ಟಲೆ ತಯಾರಾದ ಗಡಿಯಾರ. ಅತ್ತೆ ಕೇಳಿದ್ದ ಸುದ್ದಿ ಇದೇ ಇರಬೇಕು. ಗಾಂಧೀಜಿಯ ಜೆನಿತ್ ಜೇಬು ಗಡಿಯಾರ ಚಿನ್ನದ್ದೂ ಅಲ್ಲ, ಬೆಳ್ಳಿಯದು. 2009ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಂದಿಗೆ ವಿಜಯ್ ಮಲ್ಯ ಕೊಂಡದ್ದು 18 ಲಕ್ಷ ಡಾಲರಿಗೆ. ಇಂಥ ಬೆಲೆ ಬರುವುದು ಹೆಸರಿಗೆ, ಅದೂ ಆ ಹೆಸರನ್ನು ದಾಖಲೆ ಸಮೇತ ತೋರಿಸಿದಾಗ. ‘ಅಜ್ಜನಿಗೆ ದಿವಾನರು ಕೊಟ್ಟದ್ದಂತೆ’ ಎಂಬ ಮಾತಿಗೆ ಬೆಲೆಯಿಲ್ಲ. ಮುಚ್ಚಳದ ಮೇಲೆ ಹೆಸರು, ಇಸವಿ ಕೆತ್ತಿದ್ದು, ಆ ಕಾಲದ ಪತ್ರವೋ ಫೋಟೋವೋ ಜೊತೆಗಿದ್ದರೆ ಬೆಲೆಯಿದೆ.

ನಮ್ಮ ಗಡಿಯಾರದ ಡಯಲ್ ಮೇಲಿದ್ದ ಹೆಸರು ಪಿ. ಓರ್ ಆ್ಯಂಡ್ ಸನ್ಸ್, ಮದ್ರಾಸ್. ಮೌಂಟ್ ರೋಡಿನ ಆ ಹೆಸರಾಂತ ಅಂಗಡಿ ಮಾರಿದ್ದು ಎಂದು ಅದರ ಅರ್ಥವೇ ಹೊರತು ಮೆಷಿನ್ ಸ್ವಿಸ್ ಕೈಯದು. ಬೊಂಬಾಯಿಯ ವೆಸ್ಟ್ ಎಂಡ್, ಕಲ್ಕತ್ತೆಯ ಕುಕ್ ಆ್ಯಂಡ್ ಕೆಲ್ವಿ ಹೆಸರಿದ್ದರೂ ಮೆಷಿನ್ ಎಲ್ಲಿಯದೆಂದು ಒಳಗೆ ನೋಡಲೇಬೇಕು. ಇಂಥ ದೇಶೀ ಅಂಗಡಿಗಳ ಹೆಸರಿಗೆ ಭಾರತದ ಸಂಗ್ರಾಹಕರಲ್ಲಿ ಆಸಕ್ತಿ ಇದೆ. ಡಯಲಿನ ಎನಾಮಲ್‌ನಲ್ಲಿ 7ರ ಹತ್ತಿರ ಕೂದಲೆಳೆಯ ಒಂದು ಬಿರುಕು, ಅದಕ್ಕೆ ಸ್ವಲ್ಪ ಕಡಿತ. ಲಿಖಿತವಾಗಿ ಪಡೆದ ಅಭಿಪ್ರಾಯಗಳೆಲ್ಲ ಒಂದು ಕಡೆ ಬಂದು ನಿಂತವು: ಚಿನ್ನದ ಬೆಲೆ, ಅದರ ಮೇಲೆ ಸುಮಾರು ಕಾಲು ಪಾಲು. ನಮ್ಮ ಮನೆಗಳಲ್ಲಿರುವ ಬಹುಪಾಲು ಚಿನ್ನದ ಗಡಿಯಾರಗಳ ಕಥೆ ಇಷ್ಟೇ, ಕೋಟಿಯಲ್ಲ, ಆದರೆ ಅಂಗಡಿಯವರು ಹೇಳಿದ ಅರ್ಧವೂ ಅಲ್ಲ.

ಬೆಲೆ ಹುಡುಕುವಾಗ ಮಾರುವವರು ಕೇಳುತ್ತಿರುವ ಬೆಲೆಯನ್ನು ನಂಬಬೇಡಿ, ಮಾರಾಟವಾದ ಬೆಲೆಯನ್ನು ನೋಡಿ. ಹರಾಜು ಸಂಸ್ಥೆಗಳು ತಮ್ಮ ಹಳೆಯ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ಮುಂಬೈನ ಆಸ್ಟಾಗುರು, ಸ್ಯಾಫ್ರನ್‌ಆರ್ಟ್ ಗಡಿಯಾರಗಳನ್ನೂ ಹರಾಜು ಹಾಕಿವೆ. ಅಲ್ಲಿ ಕೂಗಿದ ಬೆಲೆಯಲ್ಲಿ ಕಮಿಷನ್ ಕಳೆದು ನಿಮ್ಮ ಕೈಗೆ ಬರುತ್ತದೆ ಎನ್ನುವುದು ನೆನಪಿರಲಿ. ಮೌಲ್ಯಮಾಪನ ಮಾಡುವವರೇ ಕೊಳ್ಳುವವರೂ ಆಗಿರಬಾರದು. ಶುಲ್ಕ ಕೊಟ್ಟು, ಬರಹದಲ್ಲಿ ಪಡೆಯಿರಿ.

ಕಾನೂನಿನ ಮಾತು ಎರಡು. ನೂರು ವರ್ಷ ದಾಟಿದ ಕಲೆ, ಕುಶಲಕರ್ಮದ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಮೆರಿಕದ ಮಗನ ಕೈಯಲ್ಲಿ ಕಳುಹಿಸಿ ಅಲ್ಲೇ ಮಾರಿಸೋಣ ಎನ್ನುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ. ಎರಡನೆಯದು ತೆರಿಗೆ. ಹಿರಿಯರಿಂದ ಬಂದಾಗ ತೆರಿಗೆಯಿಲ್ಲ, ಮಾರಿದಾಗ ಬರಬಹುದು. ಚಿನ್ನದ ಒಡವೆ ಎಂದು ಪರಿಗಣಿಸಿದರೆ 24 ತಿಂಗಳು ಮೀರಿದ ಆಸ್ತಿಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ದರ. ಅಜ್ಜನ ಕಾಲದ್ದಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಲು ಅವಕಾಶವಿದೆ. ಸ್ವಂತ ಬಳಕೆಯ ವಸ್ತುವೋ ಒಡವೆಯೋ ಎಂಬ ಪ್ರಶ್ನೆಯನ್ನು ನಿಮ್ಮ ಆಡಿಟರ್ ಮುಂದಿಡಿ.

ಮೂರನೆಯ ಬೆಲೆ ಬೇಕಾಗುವುದು ಇಟ್ಟುಕೊಳ್ಳುವವರಿಗೆ. ಲಾಕರಿನಲ್ಲಿದ್ದರೆ ನಿಶ್ಚಿಂತೆ ಎನ್ನಬೇಡಿ. ಬೆಂಕಿ, ಕಳವು, ಸಿಬ್ಬಂದಿಯ ವಂಚನೆ ನಡೆದರೂ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. ಮೌಲ್ಯಮಾಪನ ಪತ್ರ ಕೊಟ್ಟು ಗಡಿಯಾರದ ಹೆಸರು ಹೇಳಿಯೇ ವಿಮೆ ಮಾಡಿಸಬೇಕು.

ನಮ್ಮಲ್ಲಿ ಗಡಿಯಾರವನ್ನು ಚಿಕ್ಕಪ್ಪನ ಮಗಳು ಇಟ್ಟುಕೊಂಡಳು. ಎರಡನೆಯ ಬೆಲೆಯನ್ನು ಆಧಾರವಾಗಿಟ್ಟು ಉಳಿದವರ ಪಾಲನ್ನು ಹಣದಲ್ಲಿ ಕೊಟ್ಟಳು, ಅದು ಪಾಲುಪತ್ರದಲ್ಲೂ ದಾಖಲಾಯಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಮುಚ್ಚಳ ತೆರೆಸಿ ಮುದ್ರೆಗಳ ಫೋಟೋ ತೆಗೆದಿಡಿ, ಅದರ ಕಥೆ ಬಲ್ಲ ಹಿರಿಯರಿಂದ ಹೆಸರು, ಇಸವಿ ಕೇಳಿ ಬರೆದಿಡಿ. ಕರಗಿಸುವುದನ್ನು ನಾಳೆಯೂ ಮಾಡಬಹುದು, ಕರಗಿಸಿದ್ದನ್ನು ಮತ್ತೆ ಗಡಿಯಾರ ಮಾಡಲಾಗುವುದಿಲ್ಲ.