ನೋವು ಹೇಳಿಕೊಂಡರೆ ಮಾನನಷ್ಟವೇ?



"ಬಾಯಿ ಬಿಟ್ರೆ ನಮ್ಮ ಮೇಲೆಯೇ ಕೇಸು ಹಾಕ್ತಾರೆ" ಎಂಬ ಹೆದರಿಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮಗೂ ಇದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. 2018ರಲ್ಲಿ ನಟಿ ಶ್ರುತಿ ಹರಿಹರನ್ ಫೇಸ್‌ಬುಕ್‌ನಲ್ಲಿ ನಟ ಅರ್ಜುನ್ ಸರ್ಜಾ ಅವರ ಮೇಲೆ ಕಿರುಕುಳದ ಆರೋಪ ಮಾಡಿದರು. ಸರ್ಜಾ ಅದನ್ನು ಅಲ್ಲಗಳೆದು 5 ಕೋಟಿ ರೂಪಾಯಿಯ ಮಾನನಷ್ಟ ದಾವೆ ಹೂಡಿದರು. ಪೊಲೀಸರು 2021ರಲ್ಲಿ ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು.

ಅದೇ ವರ್ಷ ಫೆಬ್ರವರಿಯಲ್ಲಿ, ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿ ನ್ಯಾಯಾಲಯ ಪತ್ರಕರ್ತೆ ಪ್ರಿಯಾ ರಮಾನಿಯವರನ್ನು ಬಿಡುಗಡೆ ಮಾಡಿತು. ಹಲವು ವರ್ಷಗಳ ನಂತರವಾದರೂ, ತನಗೆ ಬೇಕಾದ ವೇದಿಕೆಯಲ್ಲಿ ಹೆಣ್ಣು ನೋವು ಹೇಳಿಕೊಳ್ಳಬಹುದು ಎಂದಿತು. ಅಕ್ಬರ್ ಮೇಲ್ಮನವಿ ಹೋದರು.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಆದರೆ ಜನಹಿತಕ್ಕಾಗಿ ಹೇಳಿದ ಸತ್ಯವೂ, ಪೊಲೀಸರಿಗೆ ಸದುದ್ದೇಶದಿಂದ ಕೊಟ್ಟ ದೂರೂ ಮಾನನಷ್ಟವಲ್ಲ. ಆದ್ದರಿಂದ ನೆನಪಿಡೋಣ:

1. ಮೊದಲು ದೂರು ಕೊಡೋಣ. ಫೋನು 112 ಅಥವಾ 181.
2. ಮೆಸೇಜು, ಫೋಟೊ, ದಿನಾಂಕ ಜೋಪಾನವಾಗಿಡೋಣ.
3. ಗಾಳಿಮಾತನ್ನು ವಾಟ್ಸಾಪ್‌ಗೆ ಹಾಕುವುದು ಬೇಡ. ಅತ್ಯಾಚಾರಕ್ಕೊಳಗಾದವಳ ಹೆಸರು, ಗುರುತನ್ನು ಅವಳ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಅಪರಾಧ.

ಚರ್ಚೆಗೆ: ನಮ್ಮ ಸಂಘದ ಒಬ್ಬಳು ನೋವು ಹೇಳಿಕೊಂಡರೆ, ಅವಳೊಟ್ಟಿಗೆ ಠಾಣೆಗೆ ಯಾರೆಲ್ಲ ಹೋಗ್ತೇವೆ?