ಹಳೆಯ ವಿದ್ಯುತ್ ಪಂಖಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಅದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರು ಚಪಡ ಎಂದಿದೆ. ಉಳಿದ ಭಾಗವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, 'ಲಿಪಿಕಾರ' ಎಂಬ ಅರ್ಥದ ಪದ ಮಾತ್ರ ಖರೋಷ್ಠೀ ಲಿಪಿಯಲ್ಲಿದೆ. ಖರೋಷ್ಠಿಯು ಭಾರತದ ವಾಯವ್ಯ ಸೀಮೆಯಲ್ಲಿ ಬಳಕೆಯಲ್ಲಿದ್ದ ಲಿಪಿ. ಆದುದರಿಂದ ಚಪಡನಿಗೂ ಆ ದೂರದ ಸೀಮೆಗೂ ನಂಟಿತ್ತೆಂದು ವಿದ್ವಾಂಸರು ಊಹಿಸಿದ್ದಾರೆ. ಯಾರಾದರೂ ಬಂಡೆಯನ್ನು ಅಂದಗೊಳಿಸಬೇಕೆಂದು ಉಜ್ಜಿ ನುಣುಪು ಮಾಡಿದ್ದರೆ, ಆ ಒಂದು ಪದದೊಡನೆ ಈ ತಿಳಿವೂ ಅಳಿದುಹೋಗುತ್ತಿತ್ತು.

ಇಂತಹ ಗುರುತುಗಳು ಬಂಡೆಗಳ ಮೇಲೆ ಮಾತ್ರ ಇರುವುವೆಂದು ತಿಳಿಯಬಾರದು. ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಎಣ್ಣೆ ಗಿರಣಿಯ ಮೂಲೆಯಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ ಬಿದ್ದಿರುವ ಯಂತ್ರಗಳ ಮೈಮೇಲೂ ಅವು ಇರುತ್ತವೆ. ಅವನ್ನು ಓದುವ ಕಣ್ಣು ಮಾತ್ರ ಬೇಕು. ಇದಕ್ಕೆ ಉದಾಹರಣೆಯಾಗಿ ಹಳೆಯ ವಿದ್ಯುತ್ ಪಂಖವನ್ನೇ ತೆಗೆದುಕೊಳ್ಳಬಹುದು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಮಳೆ ಕಡಮೆಯಾದ ಬಿಸಿಲು ನಾಡು. ಇಲ್ಲಿನವರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಬೀಸಣಿಗೆ ಪ್ರಾಚೀನವಾದುದು. ಬ್ರಿಟಿಷರ ಕಾಲದ ಕಚೇರಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಛಾವಣಿಯಿಂದ ಬಟ್ಟೆಯ ದೊಡ್ಡ ಪಂಖವನ್ನು ತೂಗುಬಿಡುತ್ತಿದ್ದರು. ಒಬ್ಬ ಆಳು ಹೊರಗೆ ಕುಳಿತು ಹಗಲೆಲ್ಲ ಅದರ ಹಗ್ಗವನ್ನು ಜಗ್ಗುತ್ತಿದ್ದನು. ಒಳಗಿನವರಿಗೆ ತಂಗಾಳಿ, ಹೊರಗಿನವನಿಗೆ ಬೆವರು! 1882ರಲ್ಲಿ ಅಮೆರಿಕದ ಸ್ಕೈಲರ್ ವೀಲರ್ ಎಂಬಾತನು ಎರಡು ಅಲಗುಗಳ ಮೇಜಿನ ಪಂಖವನ್ನು ವಿದ್ಯುತ್ತಿನಿಂದ ತಿರುಗಿಸಿ ತೋರಿಸಿದನು. ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತನು ಛಾವಣಿಯ ಪಂಖವನ್ನು ರೂಪಿಸಿದನು. ವಿದ್ಯುತ್ತು ಬಾರದ ಬಿಸಿಲು ದೇಶಗಳಿಗಾಗಿ ಸೀಮೆಎಣ್ಣೆಯ ದೀಪದ ಶಾಖದಿಂದ ತಿರುಗುವ ಪಂಖಗಳೂ ಬಂದವು.

ನಮ್ಮ ನಾಡಿಗೆ ವಿದ್ಯುತ್ತು ಬೇಗನೆ ಬಂದಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಶಿವನಸಮುದ್ರದ ಆ ಮೊದಲ ವಿದ್ಯುತ್ತು ಸೆಕೆಂಡಿಗೆ 25 ಆವರ್ತನೆಗಳ ಪರ್ಯಾಯ ಪ್ರವಾಹವಾಗಿತ್ತು. ಇಂದು ದೇಶದಲ್ಲೆಲ್ಲ ಬಳಕೆಯಲ್ಲಿರುವುದು 50 ಆವರ್ತನೆಗಳದು. ಈ ಅಂಕೆಯನ್ನು ನೆನಪಿಟ್ಟುಕೊಳ್ಳಿರಿ. ಮುಂದೆ ಪ್ರಯೋಜನಕ್ಕೆ ಬರುವುದು.

ಅಮೆರಿಕದಲ್ಲಿ ಹಳೆಯ ಪಂಖಗಳ ಸಂಗ್ರಾಹಕರು ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಹಳೆಯ ಪಂಖದ ಗತಿ ಹೆಚ್ಚಾಗಿ ಗುಜರಿಯೇ. ಅಲ್ಲಿ ಅದನ್ನು ಒಡೆದು ತಾಮ್ರದ ತಂತಿಯನ್ನು ಒಂದು ಕಡೆ, ಹಿತ್ತಾಳೆಯನ್ನು ಒಂದು ಕಡೆ, ಬೀಡುಕಬ್ಬಿಣವನ್ನು ಇನ್ನೊಂದು ಕಡೆ ತೂಗಿಹಾಕುತ್ತಾರೆ. ಅವರಲ್ಲಿ ತಪ್ಪೇನೂ ಇಲ್ಲ, ಅದು ಅವರ ಜೀವನೋಪಾಯ. ಆದರೆ ತಕ್ಕಡಿಗೆ ಬೀಳುವ ಮೊದಲು ಯಾರಾದರೊಬ್ಬರು ಆ ಪಂಖದತ್ತ ನೋಡಬೇಕು. ಸಂಗ್ರಾಹಕನ ಮೊದಲ ಕೆಲಸ ಕೊಳ್ಳುವುದಲ್ಲ, ಬರೆದಿಡುವುದು. ಪಂಖವು ಎಲ್ಲಿ ದೊರೆಯಿತು, ಯಾವ ಕಟ್ಟಡದಲ್ಲಿ ಇತ್ತು, ಯಾರು ಬಳಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಗುರುತು ಹಾಕಿಕೊಳ್ಳಬೇಕು. ಈ ವಿವರಗಳಿಲ್ಲದ ಪಂಖವು ಊರು ಹೆಸರಿಲ್ಲದ ಅನಾಥನಂತೆ.

ಎರಡನೆಯ ಕೆಲಸ ಕಾಲನಿರ್ಣಯ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ತ್ವಜ್ಞರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಪಂಖವನ್ನು ಮಾಡಿದ ವೀಲರ್ ಬೇರೆ, ಇವರು ಬೇರೆ. ಕಾಲ ಗೊತ್ತಿರುವ ಒಂದು ಬಗೆಯ ಮಡಕೆಯ ಚೂರು ಮಣ್ಣಿನ ಒಂದು ಪದರದಲ್ಲಿ ದೊರೆತರೆ, ಆ ಪದರವು ಮಡಕೆಗಿಂತ ಹಳೆಯದಾಗಿರಲಾರದು. ಈ ಸರಳವಾದ ತರ್ಕದ ಆಧಾರದಿಂದ ಅವರು ಅಲ್ಲಿನ ಜನವಸತಿಯ ಕಾಲವನ್ನು ಗುರುತಿಸಲು ಯತ್ನಿಸಿದರು. ಪಂಖಕ್ಕೂ ಇದೇ ತರ್ಕ ಸಲ್ಲುತ್ತದೆ. ಅದರ ಮೈಮೇಲಿನ ಒಂದೊಂದು ಗುರುತೂ 'ಇದಕ್ಕಿಂತ ಹಿಂದಿನದಲ್ಲ' ಎಂದೋ 'ಇದಕ್ಕಿಂತ ಈಚಿನದಲ್ಲ' ಎಂದೋ ಸಾಕ್ಷಿ ನುಡಿಯುತ್ತದೆ.

ಮೊದಲ ಸಾಕ್ಷಿ ಮೋಟಾರಿನ ಮೇಲಿನ ನಾಮಫಲಕ. ಅದರಲ್ಲಿ ತಯಾರಕರ ಹೆಸರು, ವೋಲ್ಟು, ಆವರ್ತನೆ, ಕ್ರಮಸಂಖ್ಯೆ ಇರುತ್ತವೆ. ನೇರ ಪ್ರವಾಹಕ್ಕೆಂದು ಮಾಡಿದ ಪಂಖವಾದರೆ, ಪರ್ಯಾಯ ಪ್ರವಾಹವು ಎಲ್ಲೆಡೆ ಹರಡುವ ಮುನ್ನಿನ ಕಾಲವನ್ನು ಅದು ನೆನಪಿಗೆ ತರುತ್ತದೆ. ಆವರ್ತನೆ 25 ಎಂದಿದ್ದರೆ, ಶಿವನಸಮುದ್ರದ ಮೊದಲ ವಿದ್ಯುತ್ತಿನಂತಹ ಪ್ರವಾಹಕ್ಕಾಗಿ ಅದನ್ನು ತಯಾರಿಸಿದ್ದರೆಂದು ಅರ್ಥ. ಫಲಕದಲ್ಲಿ ಪೇಟೆಂಟಿನ ವರ್ಷವಿದ್ದರೆ ಎಚ್ಚರ ಬೇಕು. ಅದು ಆ ಉಪಾಯಕ್ಕೆ ಹಕ್ಕು ದೊರೆತ ವರ್ಷ, ಪಂಖ ತಯಾರಾದ ವರ್ಷವಲ್ಲ. ಪಂಖವು ಅದಕ್ಕಿಂತ ಎಷ್ಟೋ ವರ್ಷ ಈಚಿನದಾಗಿರಬಹುದು.

ಚರಿತ್ರೆಯ ಘಟನೆಗಳೂ ಫಲಕದ ಮೇಲೆ ಅಚ್ಚಾಗಿರುತ್ತವೆ. 'ಪಶ್ಚಿಮ ಜರ್ಮನಿ' ಎಂದಿದ್ದರೆ ಅದು 1949ಕ್ಕೂ 1990ಕ್ಕೂ ನಡುವಣದು. ಭಾರತದ ಪಂಖದ ಮೇಲೆ ಐ.ಎಸ್.ಐ. ಮುದ್ರೆಯಿದ್ದರೆ 1955ಕ್ಕಿಂತ ಹಿಂದಿನದಲ್ಲ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆದುದು 1956ರಲ್ಲಿ. ಆದುದರಿಂದ ಅಲಗಿನ ಅಳತೆಯನ್ನು ಮಿಲಿಮೀಟರುಗಳಲ್ಲಿ ಕೊಟ್ಟಿರುವ ಭಾರತೀಯ ಪಂಖವು ಸಾಮಾನ್ಯವಾಗಿ ಆಮೇಲಿನದು. ವಿಳಾಸದಲ್ಲಿ ಆರು ಅಂಕೆಗಳ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕೆ ಮುಂಚಿನದಲ್ಲ. 'ಮೈಸೂರು ರಾಜ್ಯ' ಎಂದಿದ್ದರೆ, ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ಕ್ಕೆ ಹಿಂದಿನದೆಂದು ಬಹುಮಟ್ಟಿಗೆ ಹೇಳಬಹುದು.

ಫಲಕವೇ ಕಳೆದುಹೋಗಿದ್ದರೆ ವಸ್ತುಗಳನ್ನು ಕೇಳಬೇಕು. ಹಿತ್ತಾಳೆಯ ಅಲಗು, ಬೀಡುಕಬ್ಬಿಣದ ಭಾರವಾದ ಪೀಠ, ಹತ್ತಿಯ ಹೆಣಿಗೆಯ ಹೊದಿಕೆಯುಳ್ಳ ರಬ್ಬರಿನ ತಂತಿ ಇವು ಹಳೆಯ ಕಾಲದವು. ಅಲ್ಯೂಮಿನಿಯಮ್ಮಿನ ಅಲಗೂ ಪ್ಲಾಸ್ಟಿಕ್ ಹೊದಿಕೆಯ ತಂತಿಯೂ ಈಚಿನವು. ಬೇಕಲೈಟ್ ಎಂಬ ಕಪ್ಪು ಪದಾರ್ಥವನ್ನು ಕಂಡುಹಿಡಿದುದು 1907ರಲ್ಲಿ; ಆದುದರಿಂದ ಅದರ ಸ್ವಿಚ್ಚುಳ್ಳ ಪಂಖವು ಅದಕ್ಕೆ ಹಿಂದಿನದಾಗಲಾರದು. ಆದರೆ ಅಲ್ಲಿಯೂ ಒಂದು ಸಂದೇಹ ಉಳಿಯುತ್ತದೆ. ಹಳೆಯ ಪಂಖಕ್ಕೆ ಹೊಸ ಸ್ವಿಚ್ಚನ್ನು ಯಾರಾದರೂ ಜೋಡಿಸಿರಬಹುದಲ್ಲವೆ? ಆದುದರಿಂದ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಬೇರೆ ಬೇರೆ ಗುರುತುಗಳು ಒಂದೇ ಕಾಲವನ್ನು ಹೇಳಿದಾಗ ಮಾತ್ರ ನಿರ್ಣಯವು ಗಟ್ಟಿಯಾಗುತ್ತದೆ.

ಮೂರನೆಯ ಕೆಲಸ ಜೀರ್ಣೋದ್ಧಾರ. ಅನೇಕರು ಎಡವುವುದು ಇಲ್ಲಿಯೇ. ಹಳೆಯ ಪಂಖ ಕೈಗೆ ಬಂದೊಡನೆ ಅದು ತಿರುಗುವುದೋ ಇಲ್ಲವೋ ಎಂದು ವಿದ್ಯುತ್ತಿಗೆ ಜೋಡಿಸಿ ನೋಡುವ ಆತುರ ಸಹಜ. ಹಾಗೆ ಎಂದಿಗೂ ಮಾಡಬಾರದು. ಹಳೆಯ ರಬ್ಬರು ಒಣಗಿ ಬಿರುಕುಬಿಟ್ಟು ಒಳಗಿನ ತಂತಿ ಬರಿದಾಗಿರುತ್ತದೆ. ಲೋಹದ ಇಡೀ ಮೈಗೆ ವಿದ್ಯುತ್ತು ಹರಿದು ಪ್ರಾಣಾಪಾಯವಾದೀತು. ಕಂಡೆನ್ಸರ್ ಇರುವ ಪಂಖದಲ್ಲಿ, ತಂತಿಯನ್ನು ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದೂ ಸಲ್ಲದು. ವಿದ್ಯುತ್ತಿನ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಕೊಳವೆಬಾವಿಯ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳು ನಮ್ಮ ಪೇಟೆಗಳಲ್ಲಿವೆ. ಸುಟ್ಟ ಸುರುಳಿಯನ್ನು ಬಿಚ್ಚುವಾಗ ಎಷ್ಟು ಸುತ್ತುಗಳಿದ್ದವು, ತಂತಿಯ ದಪ್ಪವೆಷ್ಟು ಎಂಬುದನ್ನು ಎಣಿಸಿ ಬರೆದುಕೊಂಡು ಅದೇ ಲೆಕ್ಕದಂತೆ ಸುತ್ತಬೇಕು. ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಎಳೆಗಳ ಲೆಕ್ಕ ತಪ್ಪಬಾರದಲ್ಲವೆ? ಇಲ್ಲಿಯೂ ಹಾಗೆಯೇ. ಹೊಸ ತಂತಿಯನ್ನು ಹಾಕುವಾಗ ಭೂಸಂಪರ್ಕದ ಮೂರನೆಯ ಎಳೆಯೂ ಇರಬೇಕು.

ಎಣ್ಣೆಯ ವಿಷಯದಲ್ಲಿಯೂ ವಿವೇಕ ಬೇಕು. ಚಳ್ಳಕೆರೆಯು ಕಡಲೆಕಾಯಿ ಎಣ್ಣೆಗೆ ಹೆಸರಾದ ಊರು. ಆ ಎಣ್ಣೆ ಅಡುಗೆಗೆ ಶ್ರೇಷ್ಠ, ಪಂಖದ ಬೇರಿಂಗಿಗೆ ಅಲ್ಲ. ಸಸ್ಯಜನ್ಯ ತೈಲವು ಗಾಳಿಯ ಸಂಪರ್ಕದಿಂದ ಕಾಲಕ್ರಮದಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಯಂತ್ರಕ್ಕೆ ತೆಳುವಾದ ಖನಿಜ ತೈಲವೇ ತಕ್ಕುದು.

ಎಲ್ಲಕ್ಕಿಂತ ಮುಖ್ಯವಾದುದು ಎಲ್ಲಿ ನಿಲ್ಲಬೇಕೆಂಬ ಅರಿವು. ನಾಮಫಲಕವನ್ನು ಹುಣಿಸೆಹಣ್ಣಿನಿಂದಲೋ ಮರಳು ಕಾಗದದಿಂದಲೋ ತಿಕ್ಕಿದರೆ ಫಲಕವು ಹೊಳೆಯುತ್ತದೆ, ಅಕ್ಷರಗಳು ಅಳಿಯುತ್ತವೆ. ಮೂಲದ ಕಪ್ಪು ಬಣ್ಣವನ್ನು ಸುಲಿದು ಹೊಸ ಬಣ್ಣ ಬಳಿದರೆ ಪಂಖವು ನವನವೀನವಾಗಿ ಕಾಣುತ್ತದೆ, ಆದರೆ ಅದರ ವಯಸ್ಸನ್ನು ಹೇಳುವ ನಾಲಗೆಯನ್ನು ನಾವೇ ಕತ್ತರಿಸಿದಂತಾಗುತ್ತದೆ. ಮೆದು ಬಟ್ಟೆಯಿಂದ ಧೂಳನ್ನು ಒರಸುವುದು, ಬಿಚ್ಚುವ ಮೊದಲು ಚಿತ್ರ ತೆಗೆಯುವುದು, ತೆಗೆದ ಹಳೆಯ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡುವುದು, ಬದಲಿಸಿದುದನ್ನೆಲ್ಲ ಬರೆದಿಡುವುದು ಒಳ್ಳೆಯ ಜೀರ್ಣೋದ್ಧಾರದ ಲಕ್ಷಣಗಳು. ಹಳೆಯದನ್ನು ಹೊಸದಾಗಿಸುವುದು ಜೀರ್ಣೋದ್ಧಾರವಲ್ಲ. ಅದು ಇನ್ನಷ್ಟು ಕಾಲ ತಾನಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಜೀರ್ಣೋದ್ಧಾರ.

ಬ್ರಹ್ಮಗಿರಿಯ ಲಿಪಿಕಾರನು ತನ್ನ ಹೆಸರನ್ನು ಬಂಡೆಯ ಮೇಲೆ ಬರೆದು ಹೋದನು. ಪಂಖದ ಸುರುಳಿಯನ್ನು ಸುತ್ತಿದ ಕಾರ್ಮಿಕನಿಗೆ ಆ ಅವಕಾಶವಿರಲಿಲ್ಲ. ಕಚೇರಿಯ ಹೊರಗೆ ಹಗ್ಗ ಜಗ್ಗಿದವನ ಹೆಸರನ್ನು ಬರೆದಿಟ್ಟವರೂ ವಿರಳ. ಒಬ್ಬನ ದುಡಿಮೆಯನ್ನು ಇನ್ನೊಬ್ಬನು ಮಾಡಿದ ಯಂತ್ರವು ಮುಗಿಸಿತು. ಅದರಿಂದ ಕೆಲವರ ಬೆವರು ಆರಿತು, ಕೆಲವರ ಅನ್ನವೂ ಹೋಯಿತು. ಆ ಬದಲಾವಣೆಗೆ ಸಾಕ್ಷಿಯಾಗಿ ಉಳಿದಿರುವುದು ತುಕ್ಕು ಹಿಡಿದ ಆ ಪಂಖವೇ. ಅದನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಓದಿ ನೋಡುವುದು ನಮ್ಮ ಹಿರಿಯರಿಗೆ ನಾವು ತೋರಬೇಕಾದ ಗೌರವ.

ಅಭ್ಯಾಸ

1. ನಾಮಫಲಕದ ಮೇಲಿನ ಪೇಟೆಂಟಿನ ವರ್ಷವನ್ನು ಪಂಖ ತಯಾರಾದ ವರ್ಷವೆಂದು ಏಕೆ ತಿಳಿಯಬಾರದು?
2. ಒಂದು ಪಂಖದ ಫಲಕದಲ್ಲಿ ಐ.ಎಸ್.ಐ. ಮುದ್ರೆಯೂ 'ಮೈಸೂರು ರಾಜ್ಯ' ಎಂಬ ಮಾತೂ ಇವೆ. ಅದು ಯಾವ ವರ್ಷಗಳ ನಡುವೆ ತಯಾರಾಗಿರಬಹುದು? ಕಾರಣ ಕೊಡಿರಿ.
3. 'ಹಳೆಯದನ್ನು ಹೊಸದಾಗಿಸುವುದು ಜೀರ್ಣೋದ್ಧಾರವಲ್ಲ.' ಈ ಮಾತನ್ನು ವಿವರಿಸಿರಿ.
4. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿರುವ ಹಳೆಯ ಯಂತ್ರವೊಂದನ್ನು ಬಿಚ್ಚದೆ, ವಿದ್ಯುತ್ತಿಗೆ ಜೋಡಿಸದೆ ನೋಡಿ, ಅದರ ಮೇಲಿನ ಗುರುತುಗಳನ್ನೂ ಹಿರಿಯರು ಹೇಳಿದ ವಿವರಗಳನ್ನೂ ಬರೆಯಿರಿ.